ಮೀನುಗಳೇ ಪರೀಕ್ಷಕರು

ಫಿಜಿ ದ್ವೀಪಗಳ ಸೊಮೊಸೊಮೊ ಜಲಸಂಧಿ. ತಲೆಯ ಮೇಲೆ ದೋಣಿಯ ತಳ ಕರಿ ಚುಕ್ಕೆಯಂತೆ ಕಾಣುತ್ತಿದೆ. ಕಿವಿ ಬಿಗಿಯಿತೇ? ಮೂಗು ಹಿಡಿದು ಊದಿ, ಬಿಟ್ಟುಕೊಳ್ಳುತ್ತದೆ. ಇನ್ನಷ್ಟು ಇಳಿದರೆ ರೇನ್‌ಬೋ ರೀಫ್‌ನ ಗೋಡೆ. ಸೆಳೆತ ಬಂದಾಗ ಇಲ್ಲಿನ ಮೆದು ಹವಳಗಳು ಅರಳಿ ನಿಲ್ಲುತ್ತವೆ. ಈ ಆಳದಲ್ಲಿ ಕೆಂಪು ಬಣ್ಣ ಮಾಸಿ ಬೂದು ಬಣ್ಣವಾಗಿದೆ. ಟಾರ್ಚ್ ಬಿಡಿ, ನೋಡಿ, ಒಮ್ಮೆಲೇ ಮರಳಿ ಬಂತು.

ಆ ಬೆಳಕಿನಂಚಿನಲ್ಲಿ ಒಂದು ಮೀನು ಬಾಲ ಬೀಸುತ್ತ ಸಾಗಿದೆ. ಅರ್ಧ ಮೀಟರಿಗೆ ತುಸು ಕಡಿಮೆ ಉದ್ದ, ಮೂತಿಯಲ್ಲಿ ಒಂದೇ ಕಣ್ಣು. ಆ ಕಣ್ಣು ಕ್ಯಾಮೆರಾ.

ಇದರ ಹೆಸರು ಸೋಫಿ. ಎಂಐಟಿಯ ಡೇನಿಯೆಲಾ ರಸ್ ಅವರ ಪ್ರಯೋಗಾಲಯದಲ್ಲಿ ರಾಬರ್ಟ್ ಕಾಟ್ಸ್‌ಶ್ಮನ್ ಮತ್ತು ಸಂಗಡಿಗರು ಕಟ್ಟಿದ ಯಂತ್ರಮೀನು. ಇಲ್ಲಿ ಅದು ಈಜಿದ ವೃತ್ತಾಂತ 2018ರಲ್ಲಿ ‘ಸೈನ್ಸ್ ರೊಬೊಟಿಕ್ಸ್’ ಪತ್ರಿಕೆಯಲ್ಲಿ ಬಂತು.

ಹತ್ತಿರ ಹೋಗಿ ಬಾಲ ನೋಡಿ. ಪ್ರೊಪೆಲ್ಲರ್ ಇಲ್ಲ, ಕೀಲೂ ಇಲ್ಲ. ಸಿಲಿಕೋನ್ ರಬ್ಬರಿನೊಳಗೆ ಅಕ್ಕಪಕ್ಕ ಎರಡು ಟೊಳ್ಳು. ಒಂದು ಪಂಪು ನೀರನ್ನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ತಳ್ಳುತ್ತದೆ. ಎಡ ಮಗ್ಗುಲು ಉಬ್ಬಿದರೆ ಬಾಲ ಬಲಕ್ಕೆ, ಬಲ ಮಗ್ಗುಲು ಉಬ್ಬಿದರೆ ಎಡಕ್ಕೆ. ಈಜು ಎಂದರೆ ಇಷ್ಟೇ. ತಲೆಯೊಳಗೆ ವಿದ್ಯುನ್ಮಾನ ಭಾಗಗಳಿರುವಲ್ಲಿ ಬೇಬಿ ಆಯಿಲ್ ತುಂಬಿದ್ದಾರೆ! ಆಳದ ಒತ್ತಡಕ್ಕೆ ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ, ನೀರು ಒಳನುಗ್ಗುವ ಭಯವೂ ಕಡಿಮೆ. ಇಡೀ ಯಂತ್ರದಲ್ಲಿ ನನಗೆ ಅತಿ ಮೆಚ್ಚುಗೆಯಾದ ಉಪಾಯ ಇದೇ.

ಇನ್ನು ನಿಮ್ಮ ಕೈಯಲ್ಲಿರುವುದು ನೀರು ಹೋಗದಂತೆ ಭದ್ರಪಡಿಸಿದ ಸೂಪರ್ ನಿಂಟೆಂಡೊ ಕಂಟ್ರೋಲರ್, ಹುಡುಗರ ಆಟದ್ದೇ. ರೇಡಿಯೊ ಅಲೆಗಳು ಉಪ್ಪುನೀರಿನಲ್ಲಿ ದೂರ ಹೋಗಲಾರವು. ಹಾಗಾಗಿ ಗುಂಡಿ ಒತ್ತಿದಾಗ ಮನುಷ್ಯನ ಕಿವಿಗೆ ಕೇಳಿಸದ ಏರುದನಿಯೊಂದು ಹೊರಡುತ್ತದೆ, ಸೋಫಿ ಅದನ್ನು ಕೇಳಿಸಿಕೊಂಡು ತಿರುಗುತ್ತದೆ. ಎಡಕ್ಕೆ ಒತ್ತಿ. ತಿರುಗಿತು. ಈಗ ಆ ಕಿತ್ತಳೆ ಮೀನುಗಳ ಗುಂಪಿನತ್ತ ಬಿಡಿ.

ಚದುರುತ್ತವೇನೋ ಎಂದು ಉಸಿರು ಬಿಗಿಹಿಡಿಯಬೇಡಿ, ಮುಳುಗುವವರು ಅದನ್ನು ಎಂದೂ ಮಾಡಬಾರದು. ಗುಂಪು ತುಸು ಸರಿದು ದಾರಿ ಕೊಟ್ಟಿತು. ಒಂದು ಮೀನು ಪಕ್ಕದಲ್ಲೇ ಸ್ವಲ್ಪ ದೂರ ಈಜಿ, ಆಸಕ್ತಿ ಕಳೆದುಕೊಂಡು ಹೊರಟುಹೋಯಿತು. ಪ್ರಾಣಿಗಳನ್ನು ಅನುಕರಿಸುವ ರೋಬೋಗಳೆಂದರೆ ನಾವು ಓಡುವುದು, ಜಿಗಿಯುವುದು, ಭಾರ ಹೊರುವುದನ್ನೇ ಹೊಗಳುತ್ತೇವೆ. ಸೋಫಿಯ ಸಾಧನೆ ಮೀನುಗಳ ಈ ನಿರ್ಲಕ್ಷ್ಯ. ವೇಗದಲ್ಲಂತೂ ಹೆಮ್ಮೆಪಡುವಂಥದ್ದೇನಿಲ್ಲ, ಸೆಕೆಂಡಿಗೆ ತನ್ನ ಅರ್ಧ ಮೈಯುದ್ದದಷ್ಟು.

ಈಗ ನಿಮ್ಮ ಉಸಿರಿನ ಗುಳ್ಳೆಗಳು ಗೊಳಗೊಳನೆ ಏಳುತ್ತಿವೆ. ಮೀನುಗಳು ಹಿಂದೆ ಸರಿಯುತ್ತಿರುವುದು ನಿಮ್ಮಿಂದ! ಸೋಫಿಗೆ ಮಾತ್ರ ನೀವು ಬೇಕು. ಆಜ್ಞೆ ಮುಟ್ಟಬೇಕಾದರೆ ನೀವು ಹತ್ತಿರದಲ್ಲೇ ಇರಬೇಕು. ಸದ್ದಿಲ್ಲದ ಗೂಢಚಾರನ ಹಿಂದೆ ಗದ್ದಲದ ಯಜಮಾನ.

ಸೋಫಿಯ ಬ್ಯಾಟರಿ ಸುಮಾರು 40 ನಿಮಿಷ ಬರುತ್ತದೆ. ನಿಮ್ಮ ಸಿಲಿಂಡರಿನ ಮುಳ್ಳೂ ಇಳಿದಿದೆ. ಮೇಲೇರುವ ಗುಂಡಿ ಒತ್ತಿ. ಮಾತು ಕೇಳದಿದ್ದರೆ ಚಿಂತೆಯಿಲ್ಲ, ತೂಕ 1.6 ಕಿಲೋ ಅಷ್ಟೇ. ಕಂಕುಳಲ್ಲಿ ಇರುಕಿಕೊಂಡು ನಿಧಾನವಾಗಿ ಏರಿ.