ಹೊರಗಿನ ಅಂಗಿ, ಮನೆಯ ಅಂಗಿ

ನಮ್ಮ ಮಂಗಳೂರಿನ ಮನೆಗಳಲ್ಲಿ ಅಂಗಿಗೂ ಒಂದು ಸರ್ವೀಸ್ ರೂಲ್ ಉಂಟು. ಹೊಸದು ಮೊದಲು ಮದುವೆಗೆ, ಕೋಲಕ್ಕೆ, ಜಾತ್ರೆಗೆ. ಮಿರುಗು ಮಾಸಿದ ಮೇಲೆ ಕೆಲಸಕ್ಕೆ. ಕಾಲರು ಪಿಂಜಲು ಸುರುವಾದರೆ ಮನೆಗೆ. ಮನೆಯಲ್ಲೂ ನಾಚಿಕೆ ಹುಟ್ಟಿಸುವಂತಾದರೆ ತೋಟಕ್ಕೆ, ಗೇರುಗುಡ್ಡೆಗೆ. ಕೊನೆಗೆ ಗುಂಡಿಗಳನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟು, ಉಳಿದದ್ದರಲ್ಲಿ ನೆಲ ಒರೆಸುವುದು. ಇಲ್ಲಿ ಬಡ್ತಿ ಎಂಬುದು ಇಲ್ಲ, ಹಿಂಬಡ್ತಿ ಮಾತ್ರ. ತೋಟದ ಅಂಗಿ ಮತ್ತೆ ಮದುವೆಗೆ ಹೋದ ಉದಾಹರಣೆ ನಮ್ಮ ಕುಟುಂಬದ ಚರಿತ್ರೆಯಲ್ಲಿಲ್ಲ.

ನಡುವೆ ಕೆಲವು ಅಂಗಿಗಳಿಗೆ ವರ್ಗವೂ ಆಗುತ್ತದೆ. ಗಂಡ ಬಿಟ್ಟ ಉದ್ದ ತೋಳಿನ ಅಂಗಿ ಹೆಂಡತಿಯ ಸೀರೆಯ ಮೇಲೇರಿ ಗದ್ದೆಗೋ ಕಲ್ಲು ಹೊರುವ ಕೆಲಸಕ್ಕೋ ಹೊರಡುತ್ತದೆ. ಬಿಸಿಲು, ಮುಳ್ಳು, ಸಿಮೆಂಟು ಎಲ್ಲಕ್ಕೂ ಅದೇ ರಕ್ಷೆ. ಸಂಜೆ ಕೈಕಾಲು ತೊಳೆದು, ಅಂಗಿ ಕಳಚಿ ಬುಟ್ಟಿಗೆ ತುರುಕಿದರೆ ಒಳಗಿನ ಸೀರೆ ಬಸ್ಸು ಹತ್ತಲು ತಯಾರು. ಹೊರಗಿನದನ್ನು ಹೊರಗೇ ಬಿಟ್ಟು ಬರುವುದಕ್ಕೆ ಇದಕ್ಕಿಂತ ಸುಲಭದ ಉಪಾಯವನ್ನು ನಾನು ಕಂಡಿಲ್ಲ.

ಈ ಸರ್ವೀಸ್ ರೂಲಿಗೆ ಒಳಪಡದ ಅಂಗಿ ನಮ್ಮ ಮನೆಯಲ್ಲಿ ಒಂದೇ: ಅಪ್ಪನ ಖಾಕಿ. ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಸ್ಟೇಟ್‌ಬ್ಯಾಂಕಿನಿಂದ ಹಂಪನಕಟ್ಟೆ, ಜ್ಯೋತಿ, ಬಲ್ಮಠ ದಾಟಿ ಕಂಕನಾಡಿ, ಮತ್ತೆ ವಾಪಸ್ಸು. ದಿನವಿಡೀ ‘ದುಂಬು ಪೋಲೆ, ದುಂಬು ಪೋಲೆ’ ಎಂದು ಜನರನ್ನು ಮುಂದಕ್ಕೆ ದಬ್ಬುತ್ತಿದ್ದವರು ಮನೆಗೆ ಬಂದರೆ ತಾವೇ ಮುಂದೆ ಬರುವಂತಿರಲಿಲ್ಲ. ಬಚ್ಚಲಿನ ಹೊರಗೋಡೆಗೆ ಒಂದು ಮೊಳೆ ಹೊಡೆದಿತ್ತು. ಖಾಕಿ ಅಲ್ಲಿ ಕಳಚಬೇಕು, ಹಂಡೆಯ ಬಿಸಿನೀರು ಮೈಮೇಲೆ ಬೀಳಬೇಕು, ಲುಂಗಿ ಉಟ್ಟು ಬೈರಾಸು ಹೆಗಲಿಗೆ ಹಾಕಬೇಕು. ಆಮೇಲೆ ಚಾ. “ಮೊದಲು ಅದನ್ನೊಮ್ಮೆ ತೆಗೀರಿ ಮಾರಾಯ್ರೆ” ಎಂಬುದೇ ಅಮ್ಮನ ಸ್ವಾಗತ. ನೆರೆಮನೆಯ ಅಜ್ಜಿಗೆ ದೇವರ ಮಡಿ ಇದ್ದಹಾಗೆ ಅಮ್ಮನದು ಡೀಸೆಲ್ ಮಡಿ. ಯಾವ ಶಾಸ್ತ್ರದಲ್ಲೂ ಬರೆದದ್ದಲ್ಲ, ಆದರೆ ಅಜ್ಜಿಯ ಮಡಿಗಿಂತ ಕಟ್ಟುನಿಟ್ಟು.

ಅಪ್ಪನದು ಒಂದೇ ವಾದ: “ಎಲ್ಲಿ ಉಂಟು ಕೊಳೆ? ತೋರಿಸು ನೋಡುವ.” ಅಮ್ಮನಿಗೆ ತೋರಿಸಲಿಕ್ಕೆ ಆಗುತ್ತಿರಲಿಲ್ಲ. ಖಾಕಿಯ ಮಹಿಮೆಯೇ ಅದು. ನಾಲ್ಕು ಟ್ರಿಪ್ಪಿನ ಧೂಳು, ನೂರಾರು ಜನರ ಬೆವರು, ಚಿಲ್ಲರೆ ಎಣಿಸಿ ಕಪ್ಪಾದ ಬೆರಳು ಒರೆಸಿದ ಗುರುತು, ಎಲ್ಲವನ್ನೂ ನುಂಗಿ ಅದು ಬೆಳಗ್ಗಿನ ಹಾಗೆಯೇ ನಿಲ್ಲುತ್ತಿತ್ತು. ಅಮ್ಮ ಮೂಗಿನ ಸಾಕ್ಷಿಯ ಮೇಲೆ ತೀರ್ಪು ಕೊಡಬೇಕಾಗಿತ್ತು.

ಅಪ್ಪ ದಿನಾ ವಿಸಿಲು ಊದುತ್ತಾ ದಾಟುತ್ತಿದ್ದ ಬಲ್ಮಠಕ್ಕೂ ಅವರ ಮೈಮೇಲಿನ ಬಣ್ಣಕ್ಕೂ ಹಳೆಯ ನಂಟು ಉಂಟೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಕೆಲವೇ ವರ್ಷಗಳಲ್ಲಿ ಅವರ ಎದುರಿಗೆ ಬಂದು ನಿಂತದ್ದು ಹೊಟ್ಟೆಯ ಪ್ರಶ್ನೆ. ಕ್ರೈಸ್ತರಾದವರಿಗೆ ಕುಲಕಸುಬು ಕೈತಪ್ಪಿತ್ತು. ಕಳ್ಳು ಇಳಿಸುವ ಮೂರ್ತೆಗಾರಿಕೆಯನ್ನು ಮಿಶನ್ ಒಪ್ಪುವಂತಿರಲಿಲ್ಲ. ಮನೆ, ಗದ್ದೆ ಬಿಟ್ಟು ಬಂದವರನ್ನು ಊರು ಮತ್ತೆ ಸೇರಿಸುವಂತಿರಲಿಲ್ಲ. ಹಾಗಾಗಿ ಪಾದ್ರಿಗಳು ಕಸುಬು ಹುಡುಕಬೇಕಾಯಿತು. ಅಚ್ಚುಕೂಟ ಬಂತು, ನೇಯ್ಗೆ ಬಂತು, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನೇಯ್ಗೆಗೆಂದೇ 1851ರಲ್ಲಿ ಹ್ಯಾಲರ್ ಎಂಬ ನೇಕಾರ ಯುರೋಪಿನಿಂದ ಬಂದರು. ಬಲ್ಮಠದಲ್ಲಿ ಹಾರುವ ಲಾಳಿಯ ಮಗ್ಗಗಳು ಕೂತವು, ಪಕ್ಕದಲ್ಲಿ ಬಣ್ಣ ಹಾಕುವ ಮನೆ ಎದ್ದಿತು. ಖಾಕಿ ಬಣ್ಣ ತಯಾರಾದದ್ದು ಅಲ್ಲೇ ಎಂಬುದು ನಮ್ಮೂರಿನ ಹೆಮ್ಮೆ. ಗೇರಿನಿಂದ ತೆಗೆದ ಬಣ್ಣ ಎಂಬ ಮಾತೂ ಉಂಟು. ಗೇರುಹಣ್ಣು ತಿಂದು ಅಂಗಿಗೆ ಕಲೆ ಮಾಡಿಕೊಂಡು ಬಂದ ಮಕ್ಕಳ ತಾಯಂದಿರು ಯಾರೂ ಇದನ್ನು ಅಲ್ಲಗಳೆಯಲಾರರು. ಆ ಕಲೆ ಬಟ್ಟೆ ಹರಿದರೂ ಹೋಗುವುದಲ್ಲ.

ಹೆಮ್ಮೆಗೆ ಪಾಲುದಾರರೂ ಇದ್ದಾರೆನ್ನಿ. ಪೇಶಾವರದ ಕಡೆ 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಬ್ರಿಟಿಷ್ ಅಧಿಕಾರಿ ಕಟ್ಟಿದ ಗೈಡ್ಸ್ ಪಡೆಯವರು ಹ್ಯಾಲರ್ ಬರುವುದಕ್ಕೆ ಮೊದಲೇ ಮಣ್ಣಿನ ಬಣ್ಣ ತೊಟ್ಟಿದ್ದರು. ಒಗೆದರೂ ಬಿಸಿಲಿಗೊಡ್ಡಿದರೂ ಮಾಸದ ಖಾಕಿಗೆ ಇಂಗ್ಲೆಂಡಿನ ಗ್ಯಾಟಿ ಎಂಬವರು ಪೇಟೆಂಟ್ ಪಡೆದದ್ದು 1884ರಲ್ಲಿ. ಕೆಂಪಂಗಿ ತೊಟ್ಟು ದೂರದಿಂದಲೇ ಗುಂಡಿಗೆ ಗುರಿಯಾಗುತ್ತಿದ್ದ ಬ್ರಿಟಿಷ್ ಸೈನ್ಯ ಕೊನೆಗೆ 1902ರಲ್ಲಿ ತನ್ನ ನೆಲದಲ್ಲೂ ಖಾಕಿಯನ್ನು ಸೇವೆಯ ಉಡುಪಾಗಿ ಒಪ್ಪಿಕೊಂಡಿತು. ನನಗೆ ತಮಾಷೆಯಾಗಿ ಕಾಣುವುದು ಬೇರೊಂದು. ಬಲ್ಮಠದ ಮಗ್ಗುಲಲ್ಲೇ ಬಾವುಟಗುಡ್ಡೆ. 1837ರಲ್ಲಿ ಕಂಪೆನಿ ಸರಕಾರವನ್ನು ಓಡಿಸಿ ರೈತರು ತಮ್ಮ ಬಾವುಟ ಹಾರಿಸಿದ್ದು ಅಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕೂಗಳತೆಯ ದೂರದಲ್ಲಿ, ಮುಂದೆ ಸಿಪಾಯಿ, ಪೊಲೀಸು, ಆಟೋ ಡ್ರೈವರು, ನಮ್ಮ ಅಪ್ಪ ಎಲ್ಲರೂ ತೊಡಲಿದ್ದ ಬಣ್ಣ ಕುದಿಯುತ್ತಿತ್ತು.

ಕೆಲಸದ ಬಟ್ಟೆಯ ಗುಟ್ಟು ಈ ಬಣ್ಣದಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ದಿನ ನಮ್ಮನ್ನು ಏನು ಮಾಡಿತು ಎಂಬುದು ಹೊರಗೆ ತೋರಬಾರದು. ಅದಕ್ಕೆ ಆ ಬಟ್ಟೆ. ಟಿಕೇಟಿನ ಜಗಳದಲ್ಲಿ ಯಾರೋ ಅಪ್ಪನಿಗೆ ಬೈದದ್ದೂ ಡೀಸೆಲ್ ಹೊಗೆಯ ಹಾಗೆಯೇ ಖಾಕಿಯೊಳಗೆ ಇಂಗಿಹೋಗುತ್ತಿತ್ತು. ಖಾಕಿಯಲ್ಲಿದ್ದಷ್ಟು ಹೊತ್ತು ಅವರ ಮುಖ ನೋಡಿ ಏನೂ ಹೇಳುವಂತಿರಲಿಲ್ಲ. ಲುಂಗಿಗೆ ಬಂದ ಮೇಲೆ ನೋಡಬೇಕು: ಸುಸ್ತು, ಸಿಟ್ಟು, ನಗು ಒಂದೊಂದೇ ಹೊರಬೀಳುತ್ತಿತ್ತು. ಪೆನ್ಸಿಲಿಗೆ ದುಡ್ಡು ಕೇಳಬೇಕಾದರೂ ನಾವು ಮೊಳೆಯ ಮೇಲೆ ಖಾಕಿ ತೂಗುವವರೆಗೆ ಕಾಯುತ್ತಿದ್ದೆವು.

ನಾನು ಬ್ಯಾಂಕು ಸೇರಿದಾಗ ಮನೆಗೆ ಬಿಳಿ ಅಂಗಿ ಬಂತು. ಕೊಳೆ ಕಣ್ಣಿಗೆ ಕಾಣುತ್ತದೆಂದು ಅಮ್ಮನಿಗೆ ಖುಷಿ. ಅದಕ್ಕೆ ಸೀದಾ ಒಳಕೋಣೆಗೇ ಪ್ರವೇಶ. ಆದರೆ ಮಂಗಳೂರಿನ ಮಳೆ ಬಿಳಿ ಅಂಗಿಗೆ ಹೇಳಿಸಿದ್ದಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಸುರಿಯುವ ಊರಿದು. ಆಟಿ ತಿಂಗಳಲ್ಲಿ ಒಗೆದದ್ದು ಮೂರು ದಿನವಾದರೂ ಒಣಗದು. ಮಡಚಿಟ್ಟರೆ ಕರಿಚುಕ್ಕೆ ಏಳುತ್ತದೆ. ಅಮ್ಮ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಮಡಲು, ತೆಂಗಿನ ಸಿಪ್ಪೆ ಉರಿಸಿ ಒಣಗಿಸುತ್ತಿದ್ದರು. ಇಸ್ತ್ರಿಯ ಬಿಸಿಗೆ ಆ ಹೊಗೆಯ ವಾಸನೆ ಮತ್ತೆ ಏಳುತ್ತಿತ್ತು. ಕೌಂಟರಿನಲ್ಲಿ ಕೂತರೆ ನನ್ನ ಸುತ್ತ ನಮ್ಮ ಮನೆಯ ಬಚ್ಚಲು. ಆದರೆ ಮಳೆಗಾಲದಲ್ಲಿ ಕೌಂಟರಿನ ಆಚೆ ನಿಂತವರ ಬಟ್ಟೆಯೂ ಹಾಗೆಯೇ ಹೊಗೆ ಕುಡಿದದ್ದು. ಯಾರೂ ಮೂಗು ಮುಚ್ಚಲಿಲ್ಲ. ಕೆಲಸ ಮನೆಯೊಳಗೆ ಬಾರದ ಹಾಗೆ ಅಮ್ಮ ತಡೆದರು. ಮನೆ ಕೆಲಸಕ್ಕೆ ಹೋಗುವುದನ್ನು ಅವರಿಂದಲೂ ತಡೆಯಲಾಗಲಿಲ್ಲ.

ಮಗನ ಕಾಲಕ್ಕೆ ಗಡಿಯೇ ಅಳಿಸಿತು. ಮನೆಯಿಂದಲೇ ಕಂಪ್ಯೂಟರಿನ ಕೆಲಸ. ಮೀಟಿಂಗ್ ಇದ್ದರೆ ಸೊಂಟದಿಂದ ಮೇಲೆ ಆಫೀಸು, ಕೆಳಗೆ ಲುಂಗಿ. ಉಳಿದ ಹೊತ್ತು ಒಂದೇ ಟೀಶರ್ಟು. ಅದರಲ್ಲೇ ಊಟ, ಅದರಲ್ಲೇ ಬಾಸಿನ ಬೈಗುಳ, ಅದರಲ್ಲೇ ನಿದ್ರೆ. ಅನುಕೂಲವೇನೋ ಹೌದು. ಆದರೆ ಪಾಪ, ಬೈಗುಳವನ್ನು ತೂಗಿಹಾಕಲು ಅವನಿಗೊಂದು ಮೊಳೆ ಇಲ್ಲ. ರಾತ್ರಿ ಹತ್ತಕ್ಕೆ ಸಿಡುಕಿದರೆ ಅದು ಆಫೀಸಿನದೋ ಮನೆಯದೋ ಎಂದು ಸೊಸೆಗೆ ಗೊತ್ತಾಗುವುದಿಲ್ಲ.

ನಾನೀಗ ನಿವೃತ್ತ. ಆಫೀಸಿನ ಅಂಗಿಗಳೆಲ್ಲ ಸರ್ವೀಸ್ ರೂಲಿನ ಪ್ರಕಾರ ಇಳಿಯುತ್ತಾ ಇಳಿಯುತ್ತಾ ತೋಟ ಸೇರಿವೆ. ಒಂದನ್ನು ಮಾತ್ರ ಹೆಂಡತಿ ಇಸ್ತ್ರಿ ಹಾಕಿಸಿ ಕಪಾಟಿನಲ್ಲಿ ಇಟ್ಟಿದ್ದಾಳೆ. ಪಿಂಚಣಿದಾರ ಬದುಕಿದ್ದಾನೆಂದು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕಲ್ಲ, ಆ ದಿನಕ್ಕೆ. ಕಳೆದ ಸಲ ಮನೆಯ ಅಂಗಿಯಲ್ಲೇ ಹೊರಟಿದ್ದೆ. ಅವಳು ಬಾಗಿಲಲ್ಲಿ ತಡೆದಳು: “ಇದರಲ್ಲಿ ಹೋಗಬೇಡಿ ಮಾರಾಯ್ರೆ. ನೀವು ಬದುಕಿದ್ದೀರೆಂದು ಅವರು ನಂಬಲಿಕ್ಕಿಲ್ಲ.”