ಊರಿನ ಜೆರ್ಸಿ

ಒಂದು ಶಿಲ್ಲಿಂಗ್ ಕೊಟ್ಟು ಒಳಗೆ ಬಂದಿದ್ದೀರಿ. ಐರ್ಲೆಂಡಿನ ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಮೈದಾನ, 1920ರ ನವೆಂಬರ್ 21, ಭಾನುವಾರ. ಗಂಟೆ ಮೂರಾದರೂ ಆಟ ಶುರುವಾಗಿಲ್ಲ. ಮೂಗಿಗೆ ಪೈಪಿನ ಹೊಗೆ, ಉಣ್ಣೆ ಕೋಟುಗಳ ಮುಗ್ಗಲು ವಾಸನೆ. ಬೆನ್ನಿಗೆ ಯಾರದೋ ಮೊಣಕೈ ಒತ್ತುತ್ತಿದೆ. ಸುತ್ತಲಿನವರೆಲ್ಲ ದನಿ ತಗ್ಗಿಸಿ ಒಂದೇ ಸುದ್ದಿ ಆಡುತ್ತಿದ್ದಾರೆ. ಬೆಳಗ್ಗೆ ಐರಿಶ್ ಬಂಡಾಯದ ಮುಖಂಡ ಮೈಕೆಲ್ ಕಾಲಿನ್ಸ್ ಕಡೆಯ ಹುಡುಗರು ಮನೆಗಳಿಗೆ ನುಗ್ಗಿ ಬ್ರಿಟಿಷ್ ಗೂಢಚಾರರನ್ನು ಗುಂಡಿಟ್ಟು ಕೊಂದಿದ್ದಾರಂತೆ. ಇದಕ್ಕೆ ಸೇಡು ತೀರದೆ ಇರುವುದಿಲ್ಲ. ಯಾರ ಮೇಲೆ ಎಂಬುದಷ್ಟೇ ಪ್ರಶ್ನೆ.

ಗೇಟು ಇನ್ನೂ ತೆರೆದಿದೆ, ಎದ್ದು ಹೋಗಬಹುದು. ಆದರೆ ನೀವು ಗ್ರೇಂಜ್‌ಮಾಕ್ಲರ್‌ನವರು, ಸ್ಲೀವ್‌ನಮನ್ ಬೆಟ್ಟದ ಸೀಮೆಯ ಸಣ್ಣ ಹಳ್ಳಿಯವರು. ರೈಲು ಹತ್ತಿ ಇಷ್ಟು ದೂರ ಬಂದದ್ದೇ ಒಂದು ಜೆರ್ಸಿಗಾಗಿ. ಟಿಪ್ಪರರಿ ಜಿಲ್ಲೆಯ ತಂಡ ಇಂದು ತೊಡುವುದು ನಿಮ್ಮ ಊರಿನ ಕ್ಲಬ್ಬಿನ ಬಿಳಿ–ಹಸಿರು. ಇಲ್ಲಿ ಆಟಗಾರರಿಗೆ ಸಂಬಳವಿಲ್ಲ. ಯಾವ ಚರ್ಚಿನ ಊರಿನವರೋ ಆ ಊರಿನ ಕ್ಲಬ್ಬಿಗೆ ಆಡುವುದು, ಅಲ್ಲಿ ಗೆದ್ದರೆ ಜಿಲ್ಲೆಗೆ. 1884ರಲ್ಲಿ ನಿಮ್ಮದೇ ಜಿಲ್ಲೆಯ ಥರ್ಲಸ್‌ನ ಹೋಟೆಲೊಂದರಲ್ಲಿ ಕೆಲವರು ಕೂತು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದ ಮೇಲೆ ಹಳ್ಳಿಹಳ್ಳಿಯೂ ಒಂದೊಂದು ತಂಡವಾಗಿದೆ. ಕೋಲು ಹಿಡಿದವರಿಗೆ ಹರ್ಲಿಂಗ್, ಚೆಂಡು ಹಿಡಿದವರಿಗೆ ಫುಟ್‌ಬಾಲ್. ಕೈಯಲ್ಲಿ ಹಿಡಿದು ಓಡಿ ಒದೆಯುವ ಈ ಫುಟ್‌ಬಾಲ್ ಇಂಗ್ಲಿಷರದ್ದಲ್ಲ. ಅದೇ ಅವರಿಗೆ ಕಿರಿಕಿರಿ.

ಆಟ ತಡವಾಗಲು ಜನಜಂಗುಳಿಯೇ ಕಾರಣ ಎನ್ನುತ್ತಾರೆ. ಆದರೆ ಸಂಸ್ಥೆಯ ಕಾರ್ಯದರ್ಶಿ ಲ್ಯೂಕ್ ಓಟೂಲ್ ಮುಂದೆ ಇನ್ನೊಂದು ಮಾತೂ ಬಂದಿದೆ: ದಾಳಿಯಾಗಬಹುದು, ಆಟ ನಿಲ್ಲಿಸಿ. ನಿಲ್ಲಿಸಿದರೆ ಸಾವಿರಾರು ಜನ ಒಮ್ಮೆಲೇ ಇಕ್ಕಟ್ಟು ಗೇಟುಗಳಿಗೆ ನುಗ್ಗುತ್ತಾರೆ, ಬೆಳಗಿನ ಕೊಲೆಗಳಿಗೂ ಆಟಕ್ಕೂ ಗಂಟು ಬೀಳುತ್ತದೆ. ಆಡಿಸಿದರೆ? ಓಟೂಲ್ ಆಡಿಸುತ್ತಾರೆ. ಅವರ ಜಾಗದಲ್ಲಿ ನಿಂತು ನೋಡಿದರೆ ನನಗೂ ಬೇರೆ ದಾರಿ ಕಾಣುವುದಿಲ್ಲ.

ಮೂರೂಕಾಲಕ್ಕೆ ರೆಫ್ರಿ ಮಿಕ್ ಸ್ಯಾಮನ್ ಚೆಂಡು ಎಸೆಯುತ್ತಾರೆ. ನಿಮ್ಮ ಕಣ್ಣು ಗೋಲಿನ ಮುಂದಿರುವ ಮೈಕೆಲ್ ಹೋಗನ್ ಮೇಲೆ. ಇಪ್ಪತ್ನಾಲ್ಕರ ರೈತ, ನಿಮ್ಮ ಕ್ಲಬ್ಬಿನ ಹುಡುಗ. ಎದುರಾಳಿ ಡಬ್ಲಿನ್ ತಂಡದ ಫ್ರ್ಯಾಂಕ್ ಬರ್ಕ್‌ನನ್ನು ಮೈಗೆ ಮೈ ತಾಗಿಸಿ ಕಾಯುತ್ತಿದ್ದಾನೆ. ತೊಗಲಿನ ಚೆಂಡು ಅಂಗೈಗೆ ಬಡಿದ ಸದ್ದು ನಿಮ್ಮವರೆಗೂ ಬರುತ್ತದೆ.

ಟಿಪ್ಪರರಿಗೆ ಪೆನಾಲ್ಟಿ. ಟಾಮಿ ರಯಾನ್ ಚೆಂಡಿನ ಮುಂದೆ ನಿಲ್ಲುತ್ತಾನೆ. ಅಷ್ಟರಲ್ಲಿ ತಲೆಯ ಮೇಲೆ ವಿಮಾನ. ಸುತ್ತು ಹೊಡೆಯುತ್ತದೆ. ಕೆಂಪು ಬೆಳಕೊಂದು ಚಿಮ್ಮುತ್ತದೆ.

ಒಣ ಕಟ್ಟಿಗೆ ಮುರಿದಂತೆ ಒಂದು ಸದ್ದು. ಇನ್ನೊಂದು. ಕಾಲುವೆ ಕಡೆಯ ಗೇಟಿನಿಂದ ಖಾಕಿ, ಕಪ್ಪು ಬಟ್ಟೆಯವರು ನುಗ್ಗುತ್ತಿದ್ದಾರೆ. ಪೊಲೀಸರು, ಅವರ ನೆರವಿಗೆ ಬ್ರಿಟನ್ನಿನಿಂದ ಬಂದ ಬ್ಲ್ಯಾಕ್ ಆ್ಯಂಡ್ ಟ್ಯಾನ್ಸ್. ಖಾಲಿ ಗುಂಡು ಎಂದು ಯಾರೋ ಕೂಗುತ್ತಾರೆ. ಗೋಡೆಯ ಮೇಲೆ ಕೂತು ಆಟ ನೋಡುತ್ತಿದ್ದ ಹತ್ತು ವರ್ಷದ ಜೆರೋಮ್ ಓಲಿಯರಿ ಉರುಳಿ ಬೀಳುತ್ತಾನೆ. ಖಾಲಿ ಗುಂಡಲ್ಲ.

ಓಡುವುದೋ, ಮಲಗುವುದೋ? ಓಡಿದರೆ ಬೆನ್ನು ಗುರಿ. ಮಲಗಿದರೆ ತುಳಿತ. ಬಾಯಿ ಒಣಗಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಬೀಳುತ್ತೀರಿ. ಕೆಸರು, ಹುಲ್ಲು, ನಿಮ್ಮ ಕೈಮೇಲೆ ಯಾರದೋ ಬೂಟು. ಇನ್ನೈದು ದಿನಕ್ಕೆ ಮದುವೆಯಾಗಬೇಕಿದ್ದ ಜೇನ್ ಬಾಯ್ಲ್ ಜನರ ನಡುವೆ ಕುಸಿದಿದ್ದಾಳೆ.

ಮೈದಾನದಲ್ಲಿ ಬರ್ಕ್, ಹೋಗನ್ ಇಬ್ಬರೂ ನೆಲಕ್ಕೆ ಅಂಟಿದ್ದಾರೆ. ಅಂಚು ದೂರವಿಲ್ಲ. ಹೋಗನ್ ತೆವಳತೊಡಗುತ್ತಾನೆ. ಬೇಡ, ಬೇಡ ಎನ್ನುತ್ತೀರಿ, ಗಂಟಲು ಹೊರಡುವುದಿಲ್ಲ. ಗುಂಡು ತಗಲುತ್ತದೆ. ನೋಡಲು ಬಂದಿದ್ದ ವೆಕ್ಸ್‌ಫರ್ಡ್ ಕಡೆಯ ಟಾಮ್ ರಯಾನ್ ಅವನ ಪಕ್ಕ ಮಂಡಿಯೂರಿ ಕಿವಿಯಲ್ಲಿ ಕೊನೆಯ ಪ್ರಾರ್ಥನೆ ಹೇಳುತ್ತಾನೆ. ಅವನಿಗೂ ಗುಂಡು.

ಎಲ್ಲ ಸೇರಿ ಒಂದೂವರೆ ನಿಮಿಷ. ಸತ್ತವರು 14 ಜನ, ಅವರಲ್ಲಿ ಮೂವರು ಮಕ್ಕಳು. ನಿಮ್ಮನ್ನು ಕೈ ಎತ್ತಿಸಿ ಜೇಬು ತಡಕುತ್ತಾರೆ. ತೋಳು ಸೋತು ನಡುಗುತ್ತದೆ, ಇಳಿಸುವ ಧೈರ್ಯವಿಲ್ಲ. ಯಾವ ಊರು ಎಂದು ಕೇಳಿದರೆ ನಿಜ ಹೇಳುವುದೋ ಬೇಡವೋ? ಟಿಪ್ಪರರಿ ಎಂದರೆ ಇವತ್ತು ಅಪರಾಧ ಒಪ್ಪಿಕೊಂಡಂತೆ.

ಹೋಗನ್‌ನ ದೇಹ ಊರಿಗೆ ಬರುತ್ತದೆ. ಪೆಟ್ಟಿಗೆಯಲ್ಲಿ ಅವನಿಗೆ ಸೂಟು ಹಾಕಿಲ್ಲ, ಆಟದ ಬಣ್ಣದಲ್ಲೇ ಮಲಗಿಸಿದ್ದಾರೆ. ಊರೂರಿನ ಜನ ಗ್ರೇಂಜ್‌ಮಾಕ್ಲರ್ ಸ್ಮಶಾನದಲ್ಲಿ ನೆರೆದಿದ್ದಾರೆ. ಕ್ರೋಕ್ ಪಾರ್ಕ್‌ನ ಒಂದು ಸ್ಟ್ಯಾಂಡಿಗೆ ಮುಂದೆ ಅವನ ಹೆಸರಿಡುತ್ತಾರೆ. ಕ್ಲಬ್ಬಿನ ಕಪಾಟಿನಲ್ಲಿ ಎಷ್ಟು ಕಪ್ಪುಗಳಿದ್ದರೂ, ಹೊರಗಿನವರು ಆ ಹಳ್ಳಿಯನ್ನು ಗುರುತಿಸುವುದು ಈ ಹೆಸರಿನಿಂದಲೇ.

ನೀವು ನೋಡಲಾರದ ಆಟವೊಂದು ಬಾಕಿಯಿದೆ. 2020ರ ನವೆಂಬರ್ 22, ನೂರು ವರ್ಷಕ್ಕೆ ಮೇಲೊಂದು ದಿನ. ಮನ್‌ಸ್ಟರ್ ಪ್ರಾಂತ್ಯದ ಫೈನಲ್, ಎದುರಾಳಿ ಕಾರ್ಕ್. ಟಿಪ್ಪರರಿ ಆಟಗಾರರು ತಮ್ಮ ನೀಲಿ–ಚಿನ್ನದ ಬಣ್ಣ ಬಿಟ್ಟು ಗ್ರೇಂಜ್‌ಮಾಕ್ಲರ್‌ನ ಬಿಳಿ–ಹಸಿರು ತೊಟ್ಟಿದ್ದಾರೆ. ಗೋಲಿಲ್ಲದೆ, ಅಡ್ಡಕಂಬದ ಮೇಲಿಂದ ಚೆಂಡು ದಾಟಿಸಿದ ಬರೀ ಪಾಯಿಂಟುಗಳ ಆಟ: 17ಕ್ಕೆ 14. 1935ರ ನಂತರ ಮೊದಲ ಸಲ ಪಟ್ಟ ಟಿಪ್ಪರರಿಗೆ. ಎರಡು ವಾರ ಕಳೆದು ಅದೇ ಕ್ರೋಕ್ ಪಾರ್ಕ್‌ನಲ್ಲಿ, ಸೆಮಿಫೈನಲ್‌ನಲ್ಲಿ, ಮೇಯೊ ಎದುರು ಚೆನ್ನಾಗಿಯೇ ಸೋಲುತ್ತಾರೆ.