ಕಸಿದುಕೊಂಡ ಕೈಗೆ ಏನು ಕೊಟ್ಟೆ?

ಏಪ್ರಿಲ್ ತಿಂಗಳ ಎರಡನೆಯ ವಾರ. ಪರೀಕ್ಷೆಗಳು ಮುಗಿದು ಶಾಲೆಗಳಿಗೆ ರಜೆ ಬಿದ್ದಿತ್ತು. ನಮ್ಮ ಇಜೇರಿಯ ಬೇಸಿಗೆಯನ್ನು ಕಂಡವರಿಗೆ ಆ ದಿನಗಳನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಹತ್ತು ಗಂಟೆಗೇ ಬೀದಿಗಳು ಬಿಕೋ ಎನ್ನುತ್ತವೆ. ತೊಗರಿ, ಹತ್ತಿಯ ಫಸಲು ಮುಗಿದ ಕರಿಮಣ್ಣಿನ ಹೊಲಗಳು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತವೆ. ಉಷ್ಣಾಂಶ 40 ಡಿಗ್ರಿ ದಾಟುವುದು ಕಲಬುರಗಿ ಜಿಲ್ಲೆಗೆ ಹೊಸತೇನೂ ಅಲ್ಲ.

ಅಂತಹ ಒಂದು ದಿನ ನನ್ನ ಹನ್ನೊಂದು ವರ್ಷದ ಮಗಳು ಒಂದು ಕರಪತ್ರವನ್ನು ನನ್ನ ಮುಂದಿಟ್ಟಳು. ನಗರದ ಬೇಸಿಗೆ ಶಿಬಿರವೊಂದರ ಪ್ರಕಟಣೆ ಅದು. ಚಿತ್ರಕಲೆ, ಈಜು, ಕಥೆ, ಆಟ ಎಲ್ಲವೂ ಅದರಲ್ಲಿತ್ತು. ಒಬ್ಬ ಮಗುವಿಗೆ ಮೂರೂವರೆ ಸಾವಿರ ರೂಪಾಯಿ ಶುಲ್ಕ. ನಾನು ಖಾಸಗಿ ಶಾಲೆಯೊಂದರ ಶಿಕ್ಷಕ. ವರ್ಷದಲ್ಲಿ ಹತ್ತು ತಿಂಗಳು ಮಾತ್ರ ನನಗೆ ಸಂಬಳ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೈ ಖಾಲಿ. “ನೋಡೋಣ” ಎಂದೆ. ಬಡ ತಂದೆಯ “ನೋಡೋಣ” ಎಂಬ ಮಾತಿನ ಅರ್ಥ ಮಕ್ಕಳಿಗೆ ಬೇಗನೆ ತಿಳಿದುಬಿಡುತ್ತದೆ. ಅವಳು ಕರಪತ್ರವನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು. ಮತ್ತೆ ಕೇಳಲಿಲ್ಲ.

ಎಂಟು ವರ್ಷದ ಮಗ ಬೇರೊಂದು ದಾರಿ ಹುಡುಕಿಕೊಂಡ. ಬೆಳಗಿನಿಂದ ರಾತ್ರಿಯವರೆಗೂ ಮೊಬೈಲ್. ಊಟಕ್ಕೆ ಕರೆದರೂ ಕೇಳದಷ್ಟು ತಲ್ಲೀನತೆ. ಮೂರನೆಯ ದಿನ ನನ್ನ ಸಹನೆ ಕಟ್ಟೆಯೊಡೆಯಿತು. ಮೊಬೈಲ್ ಕಸಿದುಕೊಂಡು ಅವನ ಕೆನ್ನೆಗೆ ಹೊಡೆದುಬಿಟ್ಟೆ. ಅವನು ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ನನ್ನ ತಾಯಿ ಮೆಲ್ಲನೆ ಕೇಳಿದರು: “ಅವನ ಕೈಯಿಂದ ಅದನ್ನು ಕಸಿದುಕೊಂಡೆ, ಸರಿ. ಆ ಕೈಗೆ ಬೇರೇನು ಕೊಟ್ಟೆ, ಬೇಟಾ?”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪ್ರವಾದಿ ಮುಹಮ್ಮದ್(ಸ) ರವರ ಜೀವನದ ಒಂದು ಪುಟ್ಟ ಘಟನೆ ಮತ್ತೆ ಮತ್ತೆ ನೆನಪಾಯಿತು. ಹ. ಅನಸ್(ರ) ರವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿಯನ್ನು ಸಾಕಿದ್ದ. ಅದು ಸತ್ತುಹೋಯಿತು. ಮದೀನಾದ ಆಡಳಿತ, ಯುದ್ಧ, ಒಪ್ಪಂದಗಳ ಹೊಣೆ ಹೊತ್ತಿದ್ದ ಪ್ರವಾದಿವರ್ಯರು(ಸ) ಆ ಮಗುವಿನ ಬಾಡಿದ ಮುಖವನ್ನು ಗಮನಿಸಿ, ಅವನ ಹಕ್ಕಿಯ ಬಗ್ಗೆ ಅಕ್ಕರೆಯಿಂದ ವಿಚಾರಿಸಿದರು. ಈ ಹದೀಸನ್ನು ನಾನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಆದರೆ ನನ್ನ ಸ್ವಂತ ಮಗನ ಬಳಿ ಕುಳಿತು ಅವನ ಹಕ್ಕಿ ಯಾವುದೆಂದು ನಾನು ಎಂದಾದರೂ ಕೇಳಿದ್ದೆನೇ? ನನಗೆ ಕೊರತೆಯಿದ್ದದ್ದು ಹಣದ್ದೇ, ಆದರೆ ನಾನು ಮಕ್ಕಳಿಗೆ ಕೊಡದೆ ಬಚ್ಚಿಟ್ಟಿದ್ದು ಸಮಯವನ್ನು.

ಮರುದಿನ ಫಜ್ರ್ ನಮಾಝಿಗೆ ಮಗನನ್ನು ಎಬ್ಬಿಸಿದೆ. ನಮಾಝ್ ಮುಗಿಸಿ ಮನೆಗೆ ಬಂದು ಮಗಳನ್ನೂ ಕರೆದುಕೊಂಡು ಹೊಲಗಳ ಕಡೆ ನಡೆದೆವು. ಮೊದಲ ದಿನ ಮೂವರೂ ಹೆಚ್ಚು ಮಾತನಾಡಲಿಲ್ಲ. ಹಿಂದಿನ ದಿನದ ಏಟು ನಮ್ಮ ನಡುವೆ ನಡೆಯುತ್ತಿತ್ತು. ಹಳ್ಳದ ದಂಡೆಯಲ್ಲಿ ನಿಂತು ನಾನು ಮಗನ ಕ್ಷಮೆ ಕೇಳಿದೆ. ತಂದೆಯಾದವನು ಮಗುವಿನಲ್ಲಿ ಕ್ಷಮೆ ಕೇಳಿದರೆ ಗೌರವ ಕಡಿಮೆಯಾಗುತ್ತದೆ ಎಂದು ನಾನು ಭಾವಿಸಿದ್ದೆ. ಹಾಗಾಗಲಿಲ್ಲ. ಅವನು ನನ್ನ ಬೆರಳು ಹಿಡಿದುಕೊಂಡ.

ಅಂದಿನಿಂದ ಬಿಸಿಲನ್ನು ಅನುಸರಿಸಿಯೇ ನಮ್ಮ ದಿನಚರಿ ರೂಪುಗೊಂಡಿತು. ಬೆಳಗಿನ ಎಂಟೂವರೆಯವರೆಗೆ ಹೊರಗೆ, ಆನಂತರ ಅಸರ್‌ವರೆಗೆ ನೆರಳಿನಲ್ಲಿ, ಅಸರ್‌ನಿಂದ ಮಗ್ರಿಬ್‌ವರೆಗೆ ಬೇವಿನ ಮರದ ಕೆಳಗೆ ಆಟ. ನಮ್ಮ ಭಾಗದಲ್ಲಿ ಈ ಕ್ರಮವನ್ನು ಮೀರುವುದು ಮಕ್ಕಳ ಆರೋಗ್ಯಕ್ಕೆ ಅಪಾಯಕರ.

ಸಂತೆಯಿಂದ ನಾಲ್ಕು ಮಣ್ಣಿನ ತಟ್ಟೆಗಳನ್ನು ತಂದೆವು. ಒಂದನ್ನು ಮಾಳಿಗೆಯ ಮೇಲೆ, ಎರಡನ್ನು ಬೇವಿನ ಕೊಂಬೆಗಳಲ್ಲಿ, ಇನ್ನೊಂದನ್ನು ಬೀದಿಯ ನಾಯಿ ಮತ್ತು ಆಡುಗಳಿಗಾಗಿ ಬಾಗಿಲ ಬಳಿ ಇಟ್ಟೆವು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದು ಕುಡಿಸಿದ ವ್ಯಕ್ತಿಯನ್ನು ಅಲ್ಲಾಹನು ಕ್ಷಮಿಸಿದ ಹದೀಸನ್ನು ಮಕ್ಕಳಿಗೆ ಹೇಳಿದೆ. ಅಂದಿನಿಂದ ನೀರು ತುಂಬುವ ಕೆಲಸಕ್ಕೆ ಅಕ್ಕ-ತಮ್ಮಂದಿರ ನಡುವೆ ಪೈಪೋಟಿ. ಮಗಳು ಹಳೆಯ ನೋಟ್‌ಪುಸ್ತಕದ ಖಾಲಿ ಹಾಳೆಗಳಲ್ಲಿ ಬಂದ ಹಕ್ಕಿಗಳ ಲೆಕ್ಕ ಬರೆಯತೊಡಗಿದಳು: ಗುಬ್ಬಿ, ಗೊರವಂಕ, ಬೆಳವ, ಪಿಕಳಾರ. ಮಗ ಹೆಸರು ಗೊತ್ತಿಲ್ಲದವಕ್ಕೆ ತಾನೇ ಹೆಸರಿಟ್ಟ.

ಮಧ್ಯಾಹ್ನದ ದೀರ್ಘ ಗಂಟೆಗಳಿಗೆ ಗ್ರಾಮ ಪಂಚಾಯತಿಯ ಗ್ರಂಥಾಲಯ ನೆರವಾಯಿತು. ಅರಿವು ಕೇಂದ್ರ ಎಂಬ ಫಲಕವನ್ನು ನಾವು ಎಷ್ಟೋ ಬಾರಿ ನೋಡಿರುತ್ತೇವೆ, ಒಳಗೆ ಕಾಲಿಟ್ಟಿರುವುದಿಲ್ಲ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮೀಣ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬೇಸಿಗೆಯಲ್ಲಿ ಅನೇಕ ಕಡೆ ಅಲ್ಲಿಯೇ ಮಕ್ಕಳಿಗೆ ಉಚಿತ ಶಿಬಿರಗಳೂ ನಡೆಯುತ್ತವೆ. ನಿಮ್ಮೂರಿನಲ್ಲಿ ಇದೆಯೇ ಎಂದು ಒಮ್ಮೆ ವಿಚಾರಿಸಿ. ಮಗಳು ತಂದ ಪುಸ್ತಕಗಳನ್ನು ಮಧ್ಯಾಹ್ನ ದಾದಿಗೆ ಓದಿ ಹೇಳುತ್ತಿದ್ದಳು. ಕನ್ನಡ ಅಕ್ಷರ ಬಾರದ ನನ್ನ ತಾಯಿ ಪ್ರತಿ ಕಥೆಗೆ ಬದಲಾಗಿ ತಮ್ಮ ದಖನಿ ಮಾತಿನಲ್ಲಿ ಒಂದು ಕಥೆಯನ್ನು ಹಿಂದಿರುಗಿಸುತ್ತಿದ್ದರು. ಕಥೆ ಮುಗಿದರೆ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು, ಹುಣಸೆ ಬೀಜ ಉಜ್ಜಿ ಚೌಕಾಬಾರ. ಒಂದು ವಾರ ನನ್ನ ಮಡದಿ ಮತ್ತು ನೆರೆಮನೆಯ ಹೆಂಗಸರು ಸೇರಿ ವರ್ಷಕ್ಕಾಗುವಷ್ಟು ಶ್ಯಾವಿಗೆ ಮಾಡಿದರು. ಶ್ಯಾವಿಗೆಯನ್ನು ಮಂಚದ ಮೇಲೆ ಹರಡುವ ಕೆಲಸ ಮಕ್ಕಳದ್ದಾಯಿತು. ಈದ್ ದಿನದ ಶೀರ್ ಖುರ್ಮಾದಲ್ಲಿ ತನ್ನ ಪಾಲಿನ ಎಳೆ ಯಾವುದೆಂದು ಗುರುತಿಸುವುದಾಗಿ ಮಗ ಈಗಲೇ ಘೋಷಿಸಿದ್ದಾನೆ.

ಎಲ್ಲವೂ ಹೀಗೆ ಸುಗಮವಾಗಿ ಸಾಗಿತು ಎಂದರೆ ಸುಳ್ಳಾದೀತು. ಮೇ ತಿಂಗಳ ಒಂದು ಮಧ್ಯಾಹ್ನ ನನಗೆ ಜೊಂಪು ಹತ್ತಿತ್ತು. ಎದ್ದಾಗ ಮಗ ಮನೆಯಲ್ಲಿರಲಿಲ್ಲ. ಹುಡುಗರೊಂದಿಗೆ ಹೊಲದ ಬಾವಿಯ ಕಡೆ ಹೋದನೆಂದು ಯಾರೋ ಹೇಳಿದರು. ಅವನಿಗೆ ಈಜು ಬಾರದು. ಬರಿಗಾಲಿನಲ್ಲಿ ಓಡಿದೆ. ಆ ದಾರಿ ಎಷ್ಟು ಉದ್ದವಾಗಿತ್ತೆಂದು ಇಂದಿಗೂ ಹೇಳಲಾರೆ. ಪ್ರತಿ ಬೇಸಿಗೆಯಲ್ಲೂ ನಾವು ಕೇಳುವ ಸುದ್ದಿಗಳೆಲ್ಲ ಒಟ್ಟಿಗೆ ನೆನಪಾದವು. ಅಂಗಿ ಬಿಚ್ಚಿ, ಬಾವಿಯ ಮೆಟ್ಟಿಲಿನ ಮೇಲೆ ಕಾಲು ಇಳಿಬಿಟ್ಟು ಅವನು ಕುಳಿತಿದ್ದ. ಇನ್ನೆರಡು ಮೆಟ್ಟಿಲು ಇಳಿದಿದ್ದರೆ ನೀರು. ಅಲ್‌ಹಮ್ದುಲಿಲ್ಲಾಹ್.

ನನ್ನ ಕೈ ಮತ್ತೆ ಮೇಲೆದ್ದಿತ್ತು. ಆಗ ಹೊಲದ ಮುತ್ಯಾ ಹೇಳಿದ ಮಾತು ಅದನ್ನು ತಡೆಯಿತು: “ಹೊಡಿಬ್ಯಾಡ್ರಿ ಮಾಸ್ತರ್. ಬಾವಿ ಎಲ್ಲಿಗೂ ಹೋಗಲ್ಲ, ಹುಡುಗ್ರು ಸುಮ್ನ ಕೂಡಲ್ಲ. ನೀವೇ ನಿಂತು ಈಜು ಕಲಸ್ರಿ.” ಮರುದಿನ ಬೆಳಿಗ್ಗೆ ಅವರೇ ಮುಚ್ಚಳ ಬಿಗಿದ ಖಾಲಿ ಡಬ್ಬಿಯನ್ನು ಹುಡುಗನ ಬೆನ್ನಿಗೆ ಕಟ್ಟಿಕೊಟ್ಟರು. ನಾನು ನೀರಿನಲ್ಲಿ ನಿಂತೆ. ಹದಿನೈದು ದಿನಗಳಲ್ಲಿ ಡಬ್ಬಿ ಬಿಚ್ಚಿದೆವು. “ನನಗೆ?” ಎಂದು ಮಗಳು ಕೇಳಿದಾಗ ಮೊದಲು ತಡವರಿಸಿದೆ. ನೀರು ಹುಡುಗಿಯೆಂದು ಯಾರನ್ನೂ ಬಿಡುವುದಿಲ್ಲವಲ್ಲ! ಯಾರೂ ಬಾರದ ನಸುಕಿನ ವೇಳೆಯಲ್ಲಿ, ಅವಳ ಅಮ್ಮಿ ಮೆಟ್ಟಿಲ ಮೇಲೆ ಕುಳಿತಿರಲು, ಮೈತುಂಬ ಬಟ್ಟೆಯಲ್ಲಿಯೇ ಅವಳೂ ಕಲಿತಳು. ಒಂದು ಮಾತನ್ನು ಒತ್ತಿ ಹೇಳಬೇಕು: ಹಿರಿಯರಿಲ್ಲದೆ ಯಾವ ಮಗುವೂ ನೀರಿಗಿಳಿಯಬಾರದು. ಭೀಮಾ ನದಿಯಲ್ಲಂತೂ ಬೇಡವೇ ಬೇಡ. ಮರಳು ತೆಗೆದ ಗುಂಡಿಗಳು ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಅಡಗಿರುತ್ತವೆ.

ರಜೆಯ ಕೊನೆಯಲ್ಲಿ ಒಂದು ದಿನದ ಪ್ರವಾಸ ಮಾಡಿದೆವು. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ತಾಯಿ, ಮಡದಿ, ಮಗಳು ಮೂವರಿಗೂ ಪ್ರಯಾಣ ಉಚಿತ. ನನ್ನದೊಂದು ಟಿಕೆಟ್, ಮಗನದು ಅರ್ಧ. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಕಟ್ಟಿಕೊಂಡು ಮುಂಜಾನೆಯ ಬಸ್ಸಿನಲ್ಲಿ ಜೇವರ್ಗಿಗೆ, ಅಲ್ಲಿಂದ ಕಲಬುರಗಿಯ ದಾರಿಯಲ್ಲಿರುವ ಫಿರೋಜಾಬಾದಿಗೆ ಹೋದೆವು. ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಭೀಮಾ ತೀರದಲ್ಲಿ ಕಟ್ಟಿಸಿದ ನಗರ ಅದು. ಇಂದು ಕಲ್ಲಿನ ಗೋಡೆಗಳು, ಹೆಬ್ಬಾಗಿಲುಗಳು, ಪಾಳುಬಿದ್ದ ಮಸೀದಿ ಮತ್ತು ಅರಮನೆಯ ಅವಶೇಷಗಳು ಉಳಿದಿವೆ. “ಅಬ್ಬಾ, ಇಷ್ಟು ದೊಡ್ಡ ಮನೆಯಲ್ಲಿ ಈಗ ಯಾರೂ ಇಲ್ಲವೇ?” ಎಂದು ಮಗ ಕೇಳಿದ. ಭೂಮಿಯಲ್ಲಿ ಸಂಚರಿಸಿ ಗತಿಸಿದವರ ಪರಿಣಾಮವನ್ನು ನೋಡುವಂತೆ ಪವಿತ್ರ ಕುರ್‌ಆನ್ ನಮಗೆ ಪದೇ ಪದೇ ಕರೆ ನೀಡುತ್ತದೆ. ಆ ಕರೆಯ ಅರ್ಥವನ್ನು ಎಂಟು ವರ್ಷದ ಮಗುವಿಗೆ ವಿವರಿಸಲು ನಾನು ಶ್ರಮಪಡಬೇಕಾಗಲಿಲ್ಲ. ಗೋಡೆಗಳೇ ಹೇಳಿದವು.

ಬಿಸಿಲೇರುವ ಮುನ್ನ ಕಲಬುರಗಿಯ ಕೋಟೆಯನ್ನು ತಲುಪಿದೆವು. ಅಲ್ಲಿನ ಜಾಮಿ ಮಸೀದಿ 1367ರದ್ದು. ಅದಕ್ಕೆ ತೆರೆದ ಅಂಗಳವಿಲ್ಲ. ಸಾಲು ಸಾಲು ಕಮಾನುಗಳ ಮೇಲೆ ಗುಮ್ಮಟಗಳ ಛಾವಣಿ ಇಡೀ ಕಟ್ಟಡವನ್ನು ಹೊದಿಸಿದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಂಪು. ಮಕ್ಕಳು ಕಮಾನುಗಳನ್ನು ಎಣಿಸಿ ಎಣಿಸಿ ಲೆಕ್ಕ ತಪ್ಪಿದರು. ನಗರವನ್ನು ಕಟ್ಟಿಸಿದ ಫಿರೋಜ್ ಷಾ ಮತ್ತು ವಿದ್ವಾಂಸರಾದ ಖ್ವಾಜಾ ಬಂದೇನವಾಜ್ ಇಬ್ಬರೂ ಮರಣ ಹೊಂದಿದ್ದು ಒಂದೇ ವರ್ಷ, 1422ರಲ್ಲಿ. ಒಬ್ಬರ ನಗರದಲ್ಲಿ ಇಂದು ಆಡು ಮೇಯುತ್ತಿವೆ, ಇನ್ನೊಬ್ಬರ ಹೆಸರನ್ನು ಜನರು ಇಂದಿಗೂ ಹೇಳುತ್ತಾರೆ. “ಹಾಗಾದರೆ ಉಳಿಯುವುದು ಯಾವುದು?” ಎಂದು ಮಗಳನ್ನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಕಲಿಸಿದ್ದು” ಎಂದಳು.

ಇಡೀ ರಜೆಗೆ ನಮಗೆ ತಗುಲಿದ ಖರ್ಚು ಐನೂರು ರೂಪಾಯಿಗೂ ಕಡಿಮೆ. ಮೊಬೈಲ್ ಮನೆಯಿಂದ ಮಾಯವಾಗಿಲ್ಲ. ಮಗ ಈಗಲೂ ಕೇಳುತ್ತಾನೆ, ನಾನು ಕೆಲವೊಮ್ಮೆ ಕೊಡುತ್ತೇನೆ. ಆದರೆ ಈಗ ಅದನ್ನು ಹಿಂದಕ್ಕೆ ಪಡೆಯುವಾಗ ಆ ಕೈಗೆ ಕೊಡಲು ನನ್ನ ಬಳಿ ಬೇರೇನಾದರೂ ಇರುತ್ತದೆ.

ಪ್ರಿಯ ಓದುಗರೇ, ಶಿಬಿರಕ್ಕೆ ಕಳುಹಿಸುವ ಶಕ್ತಿಯಿದ್ದವರು ಖಂಡಿತ ಕಳುಹಿಸಲಿ. ಶಕ್ತಿಯಿಲ್ಲದವರು ಮಕ್ಕಳ ಮುಂದೆ ತಲೆತಗ್ಗಿಸಬೇಕಾಗಿಲ್ಲ. ಫಜ್ರ್ ನಂತರದ ಒಂದು ಗಂಟೆ, ಅಸರ್ ನಂತರದ ಒಂದು ಗಂಟೆ ಬಡವರಿಗೂ ಶ್ರೀಮಂತರಿಗೂ ಸಮಾನವಾಗಿ ದೊರೆತಿವೆ. ಪ್ರತಿಯೊಬ್ಬರೂ ತಮ್ಮ ಅಧೀನದಲ್ಲಿರುವವರ ಬಗ್ಗೆ ವಿಚಾರಣೆಗೊಳಗಾಗುವರು ಎಂದು ಪ್ರವಾದಿವರ್ಯರು(ಸ) ನಮ್ಮನ್ನು ಎಚ್ಚರಿಸಿದ್ದಾರೆ. ಅಂದು ನಾವು ತೆತ್ತ ಶುಲ್ಕದ ರಸೀದಿಯನ್ನು ಯಾರೂ ಕೇಳಲಾರರು. ಅಮಾನತ್ತಾಗಿ ಕೊಟ್ಟ ಮಕ್ಕಳೊಂದಿಗೆ ನೀನು ಹೇಗಿದ್ದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸಲೇಬೇಕು. ಅಲ್ಲಾಹನು ನಮ್ಮ ಮಕ್ಕಳನ್ನು ನಮ್ಮ ಕಣ್ಣುಗಳಿಗೆ ತಂಪಾಗಿಸಲಿ, ನಮ್ಮನ್ನು ಅವರ ಪಾಲಿಗೆ ನೆರಳಾಗಿಸಲಿ. ಆಮೀನ್.